ಕೊಬ್ಬರಿಗೆ ಚಿತ್ರವಿತ್ತು, ಪ್ರಯಾಣಿಕರ ಹಕ್ಕಿಗೆ ಒಂದು ಸಾಲೂ ಇರಲಿಲ್ಲ

ನಮ್ಮ ಕಡೆ ಬಾಣಂತನಕ್ಕೆ ಮಗಳು ತವರಿಗೆ ಬರುವುದು ರೂಢಿ. ದೆಹಲಿಯಲ್ಲಿರುವ ನನ್ನ ಮಗಳಿಗೆ ಎಂಟನೇ ತಿಂಗಳಲ್ಲಿ ಬಿ.ಪಿ. ಏರಿತು. ಪ್ರಯಾಣ ಬೇಡವೇ ಬೇಡ ಎಂದು ಡಾಕ್ಟರು ಹೇಳಿಬಿಟ್ಟರು. ಹಾಗಾಗಿ ಕಳೆದ ಚಳಿಗಾಲದಲ್ಲಿ ತವರೇ ಮಗಳ ಮನೆಗೆ ಹೊರಟಿತು: ನಾನು, ನಮ್ಮ ಯಜಮಾನರು, ಎರಡು ಬ್ಯಾಗು.

ನಾನು ಪಿರಿಯಾಪಟ್ಟಣ ತಾಲೂಕಿನ ಒಂದು ಹಳ್ಳಿಯವಳು. 34 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದೆ. ಯಜಮಾನರದು ಹೊಗೆಸೊಪ್ಪಿನ ಬೇಸಾಯ. ಬೇಲು ತೂಗುವ ತಕ್ಕಡಿಯಲ್ಲೇ ಬ್ಯಾಗುಗಳನ್ನು ತೂಗಿ, ಒಂದೊಂದೂ 15 ಕಿಲೋ ಮೀರದಂತೆ ಅವರು ಕಟ್ಟಿದ್ದರು. ಒಳಗೆ ಹುರಿದ ರಾಗಿ ಹಿಟ್ಟು, ಬಾಣಂತಿ ಖಾರದ ಪುಡಿ, ಹಳೆಯ ಹತ್ತಿ ಸೀರೆ ಹರಿದು ಹೊಲಿದ ಕೂಸಿನ ಬಟ್ಟೆ. ಜೊತೆಗೆ ಕೆ.ಆರ್. ನಗರದ ನನ್ನ ತವರಿನಿಂದ ತಮ್ಮ ಕಳಿಸಿದ ಎರಡು ಡಜನ್ ಕೊಬ್ಬರಿ ಗಿಟುಕು. ಅಂಟಿನುಂಡೆ ಕಟ್ಟುವುದಕ್ಕೆ ನಮ್ಮ ತೋಟದ ಕೊಬ್ಬರಿಯೇ ಆಗಬೇಕು ಎಂಬುದು ಅವನ ಆಸೆ.

ವಿಮಾನ ಬೆಳಿಗ್ಗೆ 11.10ಕ್ಕೆ. ನಾವು ಊರು ಬಿಟ್ಟಿದ್ದು ರಾತ್ರಿ 1 ಗಂಟೆಗೆ. ಪಕ್ಕದ ಮನೆಯ ಹುಡುಗನ ಕಾರಿನಲ್ಲಿ ಹುಣಸೂರು, ಬಿಳಿಕೆರೆ, ಇಲವಾಲ ದಾಟಿ ಮೈಸೂರಿಗೆ ಬಂದು, ಅಲ್ಲಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ಹಿಡಿದೆವು. ನಮ್ಮೂರಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹತ್ತಿರ ಹತ್ತಿರ 250 ಕಿಲೋಮೀಟರ್. ಬಸ್ಸು ರಾಮನಗರ ದಾಟುತ್ತಿದ್ದಾಗ, 5.40ಕ್ಕೆ, ಫೋನಿಗೆ ಒಂದು ಸಂದೇಶ ಬಂತು. ಇಂಗ್ಲಿಷಿನಲ್ಲಿತ್ತು. ಅಕ್ಷರ ಕೂಡಿಸಿ ಓದಿದೆ. ವಿಷಾದಿಸುತ್ತೇವೆ ಎಂಬುದೂ, ಮಧ್ಯಾಹ್ನ 2.30 ಎಂಬುದೂ ತಿಳಿಯಿತು. ಯಾಕೆ, ಮುಂದೇನು ಎಂಬುದು ಅದರಲ್ಲಿ ಇರಲಿಲ್ಲ.

ಯಲಹಂಕದಲ್ಲಿ ಮನೆಯಿರುವವರಿಗೆ ಆ ಹೊತ್ತಿನಲ್ಲಿ ಬಂದ ಸಂದೇಶದಿಂದ ಉಪಯೋಗವಿದೆ. ಇನ್ನೂ ಮೂರು ಗಂಟೆ ಮಲಗಬಹುದು. ನಾವು ಮನೆ ಬಿಟ್ಟು ಆಗಲೇ ನಾಲ್ಕೂವರೆ ಗಂಟೆ ಕಳೆದಿತ್ತು. ತಾಲೂಕಿನ ಪ್ರಯಾಣಿಕರ ಮಟ್ಟಿಗೆ ಹಿಂದಿನ ದಿನವೇ ತಿಳಿಸದಿದ್ದರೆ ತಿಳಿಸಿದರೂ ಒಂದೇ, ಬಿಟ್ಟರೂ ಒಂದೇ. ನಾನು ಈ ಮಾತನ್ನು ಬರೆಯುತ್ತಿರುವುದು ವಿಮಾನ ತಡವಾಯಿತು ಎಂಬ ಸಿಟ್ಟಿನಿಂದಲ್ಲ. ಚಳಿಗಾಲದಲ್ಲಿ ದೆಹಲಿಯಲ್ಲಿ ಮಂಜು ಕವಿಯುತ್ತದೆ, ಯಂತ್ರ ಕೆಡುತ್ತದೆ, ಪೈಲಟ್‌ಗಳಿಗೆ ನಿದ್ದೆ ಬೇಕು. ತಡವನ್ನು ಸಹಿಸಬಹುದು. ಏನಾಗುತ್ತಿದೆ, ನಮಗೆ ಏನು ಸಲ್ಲಬೇಕು ಎಂಬುದನ್ನು ಯಾರೂ ಹೇಳದಿರುವುದನ್ನು ಸಹಿಸಬೇಕಾಗಿಲ್ಲ.

ನಿಲ್ದಾಣದ ಕಟ್ಟಡ ಸೊಗಸಾಗಿದೆ. ದಾರಿ ತೋರುವ ಫಲಕಗಳಲ್ಲಿ ಕನ್ನಡವಿದೆ. ಕೌಂಟರಿನಲ್ಲಿದ್ದ ಹುಡುಗಿ ಬ್ಯಾಗು ತೂಗುವ ಮುಂಚೆ ಒಂದು ದಪ್ಪ ಹಾಳೆಯನ್ನು ನಮ್ಮ ಮುಂದೆ ಹಿಡಿದಳು. ಅದರಲ್ಲಿ ಆ ಬ್ಯಾಗಿನೊಳಗೆ ಇಡಬಾರದ ವಸ್ತುಗಳ ಚಿತ್ರಗಳಿದ್ದವು: ಪವರ್ ಬ್ಯಾಂಕು, ಲೈಟರು, ಪಟಾಕಿ. ಕೊನೆಯಲ್ಲಿ ಒಡೆದ ಕೊಬ್ಬರಿಯ ಚಿತ್ರ. ಅದನ್ನು ನೋಡಿದ್ದೇ ನಾನು, “ಅಯ್ಯೋ, ಇದು ನಮ್ಮ ಹತ್ರ ಇದೆ” ಅಂದೆ. ಅಲ್ಲೇ ಬ್ಯಾಗು ಬಿಚ್ಚಿ ಒಂದೊಂದೇ ಗಿಟುಕನ್ನು ಎತ್ತಿ ಹೊರಗಿಟ್ಟೆ. ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳುವ ಸಾಧ್ಯತೆ ಇರುವುದರಿಂದ ಅಪಾಯಕಾರಿ ವಸ್ತುಗಳ ಪಟ್ಟಿಗೆ ಸೇರಿದೆ. 2022ರಿಂದ ನಮ್ಮ ದೇಶದಲ್ಲಿ ಅದನ್ನು ವಿಮಾನದ ಹೊಟ್ಟೆಗೆ ಹಾಕುವ ಬ್ಯಾಗಿನಲ್ಲಿ ಇಡುವಂತಿಲ್ಲ. ಕಾರಣ ಗೊತ್ತಾದ ಮೇಲೆ ಒಪ್ಪದಿರಲು ಏನಿದೆ? ನೂರಾರು ಜನರ ಜೀವದ ಪ್ರಶ್ನೆ. ಕಸ ಗುಡಿಸುತ್ತಿದ್ದ ಹೆಣ್ಣುಮಗಳನ್ನು ಕರೆದು, “ಮನೆಗೆ ತಗೊಂಡು ಹೋಗವ್ವ, ಚೆನ್ನಾಗಿದೆ” ಎಂದು ಸೆರಗಿಗೆ ಸುರಿದೆ.

ಆ ಹಾಳೆಯನ್ನು ನಾನು ದಿನವಿಡೀ ನೆನೆದೆ. ಒಂದು ಮಾತೂ ಆಡದೆ, ಯಾವ ಭಾಷೆಯ ಹಂಗೂ ಇಲ್ಲದೆ, ನಿಯಮವನ್ನು ಅದು ತಿಳಿಸಿತ್ತು. ನಾವು ತಕ್ಷಣ ಪಾಲಿಸಿದೆವು. ಅಂದರೆ ಪ್ರಯಾಣಿಕರಿಗೆ ಅರ್ಥವಾಗುವಂತೆ ಹೇಳುವುದು ಹೇಗೆ ಎಂಬುದು ವಿಮಾನ ಸಂಸ್ಥೆಗಳಿಗೆ ಚೆನ್ನಾಗಿ ಗೊತ್ತಿದೆ.

ಮಧ್ಯಾಹ್ನ 12.50ಕ್ಕೆ ಎರಡನೆಯ ಸಂದೇಶ: 4.45. ಸಂಜೆ 4ರ ಹೊತ್ತಿಗೆ ಮೂರನೆಯದು: 6.20. ನಡುವೆ ಗೇಟು ಬದಲಾದ ಸಂದೇಶ ಇನ್ನೊಂದು. ಗೇಟಿನ ಬಳಿಯಿದ್ದ ಸಿಬ್ಬಂದಿಯನ್ನು ಕೇಳಿದರೆ, ಸಿಸ್ಟಮ್‌ನಲ್ಲಿ ಅಷ್ಟೇ ತೋರಿಸುತ್ತಿದೆ ಎಂದು ಹಿಂದಿಯಲ್ಲಿ ಹೇಳಿದರು. ಅವರೂ ಪಾಪ, ನನ್ನ ಮಗಳ ವಯಸ್ಸಿನವರು. ಅವರಿಗೂ ಯಾರೂ ಏನೂ ಹೇಳಿದಂತಿರಲಿಲ್ಲ.

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಬೇಕು. ಕಟ್ಟಿ ತಂದಿದ್ದ ಅಕ್ಕಿ ರೊಟ್ಟಿ ಬೆಳಿಗ್ಗೆಯೇ ಮುಗಿದಿತ್ತು. ಈಗ ಹತ್ತಿಸಿಕೊಳ್ಳುತ್ತಾರೆ, ಇನ್ನೇನು ಹತ್ತಿಸಿಕೊಳ್ಳುತ್ತಾರೆ ಎಂದು ಜಾಗ ಬಿಟ್ಟು ಏಳದೆ ಕೂತಿದ್ದೆವು. ಮೂರು ಗಂಟೆಯ ಸುಮಾರಿಗೆ ಅವರ ಹಣೆಯಲ್ಲಿ ಬೆವರು ಕಟ್ಟಿತು. ನೀರಿನ ಬಾಟಲಿಯ ಮುಚ್ಚಳ ತೆರೆಯಲು ಹೋದ ಕೈ ನಡುಗಿ ಮುಚ್ಚಳ ಉರುಳಿ ಹೋಯಿತು. ಬಾಣಂತಿಗೆಂದು ಕೈಚೀಲದಲ್ಲಿಟ್ಟಿದ್ದ ಅಚ್ಚು ಬೆಲ್ಲದ ಒಂದು ಚೂರು ಮುರಿದು ಬಾಯಿಗೆ ಹಾಕಿದೆ.

ಎದುರಿನ ಸಾಲಿನಲ್ಲಿ ಕೂತಿದ್ದ ಕೆಂಪು ನಿಲುವಂಗಿಯ ಯುವ ಭಿಕ್ಷುವೊಬ್ಬರು ಎದ್ದು ಬಂದರು. “ಅಮ್ಮ, ಯಾವೂರು?” ಎಂದು ಕನ್ನಡದಲ್ಲೇ ಕೇಳಿದರು. ಪಿರಿಯಾಪಟ್ಟಣ ಎಂದೆ. “ನಾನು ಬೈಲಕುಪ್ಪೆ, ನಿಮ್ಮ ತಾಲೂಕೇ” ಎಂದರು. 1960ರ ದಶಕದ ಆರಂಭದಿಂದ ನಮ್ಮ ತಾಲೂಕಿನಲ್ಲಿ ನೆಲೆ ನಿಂತ ಟಿಬೆಟನ್ನರ ಮೂರನೆಯ ತಲೆಮಾರಿನ ಹುಡುಗ. ಧರ್ಮಶಾಲೆಗೆ ಓಡಾಡಿ ಅವರಿಗೆ ವಿಮಾನದ ವಿಚಾರ ಗೊತ್ತಿತ್ತು. “ಇಷ್ಟು ತಡ ಆದ್ರೆ ಊಟ ಅವರೇ ಕೊಡಬೇಕಮ್ಮ, ಬನ್ನಿ ಕೇಳೋಣ” ಎಂದು ಕೌಂಟರಿಗೆ ಕರೆದುಕೊಂಡು ಹೋದರು. ಕೇಳಿದ ಕೂಡಲೇ ಎರಡು ಚೀಟಿ ಹರಿದು ಕೊಟ್ಟರು. ಅಷ್ಟೇ. ವಾದವಿಲ್ಲ, ತಕರಾರಿಲ್ಲ. ಚೀಟಿಯ ಪುಸ್ತಕ ಬೆಳಿಗ್ಗೆಯಿಂದ ಆ ಮೇಜಿನ ಮೇಲೇ ಇತ್ತು.

ಹಿಂದಿರುಗಿ ನೋಡಿದರೆ ಗೇಟಿನ ಮುಂದೆ ನೂರಕ್ಕೂ ಹೆಚ್ಚು ಜನ ಕೂತಿದ್ದರು. ಎಚ್.ಡಿ. ಕೋಟೆಯಿಂದ ಮೊದಲ ಸಲ ವಿಮಾನ ಹತ್ತಲು ಬಂದ ಹುಡುಗನೊಬ್ಬ ಮಾರನೆಯ ದಿನದ ಸಂದರ್ಶನದ ಕಾಗದಗಳನ್ನು ಎದೆಗವಚಿಕೊಂಡು ಕೂತಿದ್ದ. ಮಧ್ಯಾಹ್ನದಿಂದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಅವನಿಗೂ ಹೇಳಿದೆ, ಪಕ್ಕದವರಿಗೂ ಹೇಳಿದೆ. ಅದೇ ಹೊತ್ತಿಗೆ ಕೋಟು ತೊಟ್ಟ ಒಬ್ಬರು ಕೌಂಟರಿನಲ್ಲಿ ಎರಡು ಮಾತಾಡಿ, ಪೂರ್ತಿ ಹಣ ವಾಪಸು ಬರೆಸಿಕೊಂಡು, ಬೇರೆ ವಿಮಾನ ಹಿಡಿಯಲು ಹೊರಟುಹೋದರು. ಅವರಿಗೆ ನಿಯಮ ಗೊತ್ತಿತ್ತು. ನಮ್ಮ ವಿಮಾನ ನೆಲ ಬಿಟ್ಟಾಗ ರಾತ್ರಿ 7.50. ಮಗಳ ಮನೆಯ ಬಾಗಿಲು ತಟ್ಟುವಾಗ ಮಧ್ಯರಾತ್ರಿ ದಾಟಿತ್ತು. ಮನೆ ಬಿಟ್ಟು 23 ಗಂಟೆ.

ಮಗಳ ಮನೆಯಲ್ಲಿ ಅಳಿಯಂದಿರ ಸಹಾಯದಿಂದ ಆ ನಿಯಮವನ್ನು ಹುಡುಕಿ ಓದಿಸಿಕೊಂಡೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಇದನ್ನು 2010ರಲ್ಲೇ ತಂದು, ಆಮೇಲೆ ತಿದ್ದುತ್ತ ಬಂದಿದೆ. ಎರಡೂವರೆ ಗಂಟೆಯೊಳಗಿನ ಹಾರಾಟವಾದರೆ 2 ಗಂಟೆ ತಡಕ್ಕೆ, ಬೆಂಗಳೂರು–ದೆಹಲಿಯಂಥ ಅದಕ್ಕಿಂತ ದೀರ್ಘ ಹಾರಾಟವಾದರೆ 3 ಗಂಟೆ ತಡಕ್ಕೆ, ಸಮಯಕ್ಕೆ ಸರಿಯಾಗಿ ಬಂದು ಕಾಯುತ್ತಿರುವವರಿಗೆ ಊಟ ಉಪಾಹಾರ ಕೊಡಬೇಕು. 6 ಗಂಟೆಗೂ ಮೀರಿ ತಡವಾಗುವುದಾದರೆ 24 ಗಂಟೆ ಮುಂಚೆ ತಿಳಿಸಿ, ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡಬೇಕು. ಇಡೀ ದಿನ ಮೀರಿದರೆ, ಅಥವಾ ರಾತ್ರಿ 8ರಿಂದ 3ರೊಳಗೆ ಹೊರಡಬೇಕಾದ ವಿಮಾನ 6 ಗಂಟೆಗಿಂತ ಹೆಚ್ಚು ತಡವಾದರೆ, ತಂಗಲು ಹೋಟೆಲು ಕೊಡಬೇಕು. ಹೇಳದೆ ಕೇಳದೆ ರದ್ದು ಮಾಡಿದರೆ, ತಪ್ಪು ಸಂಸ್ಥೆಯದಾಗಿದ್ದರೆ, ಹಾರಾಟದ ಅವಧಿಗೆ ತಕ್ಕಂತೆ 10,000 ರೂಪಾಯಿವರೆಗೆ ಪರಿಹಾರವೂ ಉಂಟು. ಮಂಜು, ಮಳೆಯಂಥ ಕೈಮೀರಿದ ಕಾರಣಕ್ಕೆ ಆ ಪರಿಹಾರವಿಲ್ಲ, ಅದು ನ್ಯಾಯವೇ.

ಇಷ್ಟು ಒಳ್ಳೆಯ ನಿಯಮ ಹದಿನೈದು ವರ್ಷಗಳಿಂದ ಇದೆ. 2024ರ ಜನವರಿಯಲ್ಲಿ ದೆಹಲಿಯ ಮಂಜಿನಿಂದ ದೇಶದಾದ್ಯಂತ ಪ್ರಯಾಣಿಕರು ಒದ್ದಾಡಿದಾಗ, ತಡದ ನಿಖರ ಮಾಹಿತಿಯನ್ನು ಆಗಿಂದಾಗ ಕೊಡಬೇಕು, ಟಿಕೆಟಿನ ಮೇಲೆ ಈ ನಿಯಮದ ಉಲ್ಲೇಖ ಇರಬೇಕು ಎಂದು ಡಿಜಿಸಿಎ ಸೂಚನೆಯನ್ನೂ ಹೊರಡಿಸಿತು. ಆದರೆ ‘ವಿಭಾಗ 3, ಸರಣಿ ಎಂ, ಭಾಗ 4’ ಎಂಬ ಉಲ್ಲೇಖದಿಂದ ಹಸಿದವರಿಗೆ ಏನು ತಿಳಿಯಬೇಕು? ಪುಸ್ತಕದ ಹೆಸರನ್ನಷ್ಟೇ ಹೇಳಿ, ಪಾಠ ಆಯಿತು ಎಂದು ನಾನು ತರಗತಿಯಿಂದ ಎದ್ದು ಬಂದಿದ್ದರೆ ನನಗೆ ಸಂಬಳ ಕೊಡುತ್ತಿದ್ದರೇ?

ಇದು ನಮ್ಮೊಬ್ಬರ ಕಥೆಯಲ್ಲ. 2025ರ ಡಿಸೆಂಬರ್ ಮೊದಲ ವಾರವನ್ನು ಯಾರೂ ಮರೆತಿರಲಾರರು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದ, ರಾತ್ರಿ ಇಳಿಸುವಿಕೆಗೆ ಮಿತಿ ಹಾಕಿದ ಹೊಸ ನಿಯಮಕ್ಕೆ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆ ಸಿದ್ಧವಾಗಿರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಅದರ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಅದೇ ವಾರ ಹುಬ್ಬಳ್ಳಿಯಲ್ಲಿ ಆರತಕ್ಷತೆ ಇಟ್ಟುಕೊಂಡಿದ್ದ ನವದಂಪತಿ ಭುವನೇಶ್ವರದಲ್ಲೇ ಸಿಕ್ಕಿಕೊಂಡರು. ಈಗ ಬಿಡುತ್ತದೆ, ಆಗ ಬಿಡುತ್ತದೆ ಎಂದು ಗಂಟೆಗಟ್ಟಲೆ ಕಾದ ಮೇಲೆ ವಿಮಾನ ರದ್ದಾಗಿತ್ತು. ಮಂಟಪದಲ್ಲಿ ಅವರ ಕುರ್ಚಿಗಳ ಮೇಲೆ ತಂದೆ ತಾಯಿ ಕೂತರು. ಮದುಮಕ್ಕಳು ಪರದೆಯ ಮೇಲೆ ಕಾಣಿಸಿಕೊಂಡು ಅತಿಥಿಗಳನ್ನು ಎದುರುಗೊಂಡರು. ಪೈಲಟ್‌ಗಳಿಗೆ ವಿಶ್ರಾಂತಿ ಬೇಕೇ ಬೇಕು. ಆದರೆ ಹಿಂದಿನ ದಿನವೇ ‘ನಾಳೆ ಬಿಡುವುದಿಲ್ಲ’ ಎಂದಿದ್ದರೆ ಆ ಹೆಣ್ಣು ಗಂಡು ರೈಲು ಹತ್ತಿಯೋ, ಬೇರೆ ದಾರಿ ಹಿಡಿದೋ ಬರಲು ನೋಡಬಹುದಿತ್ತು.

ನಮ್ಮ ಹುಣಸೂರು ಬಸ್ ನಿಲ್ದಾಣದಲ್ಲಿ ಇಂಥದ್ದು ನಡೆಯುವುದಿಲ್ಲ. ನಾನು 34 ವರ್ಷ ಬಸ್ಸಿನಲ್ಲೇ ಶಾಲೆಗೆ ಓಡಾಡಿದವಳು. ಒಮ್ಮೆ ಬಿಳಿಕೆರೆಯ ಹತ್ತಿರ ನಮ್ಮ ಬಸ್ಸು ಕೆಟ್ಟು ನಿಂತಿತು. ಕಂಡಕ್ಟರ್ ಇಳಿದು, “ಗಾಡಿ ಕೆಟ್ಟಿದೆ, ಮುಂದಿನ ಬಸ್ಸಿಗೆ ಹತ್ತಿಸ್ತೀನಿ, ಇದೇ ಟಿಕೆಟ್ ನಡೆಯುತ್ತೆ” ಎಂದು ಗಟ್ಟಿಯಾಗಿ ಕೂಗಿ ಹೇಳಿದರು. ಬಿಸಿಲಿನಲ್ಲಿ ರಸ್ತೆಗೆ ಅಡ್ಡ ನಿಂತು ಬಂದ ಬಸ್ಸುಗಳನ್ನು ತಡೆದರು. ವಯಸ್ಸಾದವರನ್ನು ಮೊದಲು ಹತ್ತಿಸಿದರು. ಕೊನೆಯ ಪ್ರಯಾಣಿಕ ಹತ್ತುವವರೆಗೂ ಆ ಕೆಟ್ಟ ಬಸ್ಸಿನ ಪಕ್ಕದಿಂದ ಅಲ್ಲಾಡಲಿಲ್ಲ. ನಾವು ನಿಯಮ ಓದಿ ಅವರಿಗೆ ಹೇಳಬೇಕಾಗಿರಲಿಲ್ಲ. ನಲವತ್ತು ರೂಪಾಯಿಯ ಟಿಕೆಟಿಗೆ ಸಿಕ್ಕ ಆ ಮರ್ಯಾದೆ ಸಾವಿರಾರು ರೂಪಾಯಿಯ ಟಿಕೆಟಿಗೆ ಯಾಕೆ ಸಿಗಬಾರದು?

ವಿಮಾನ ಹತ್ತುವವರು ಇಂಗ್ಲಿಷ್ ಕಲಿತು ಬರಲಿ ಎನ್ನುವವರಿದ್ದಾರೆ. ಅವರಿಗೆ ನನ್ನ ವೃತ್ತಿಯಿಂದಲೇ ಉತ್ತರ ಹೇಳುತ್ತೇನೆ. ನನ್ನ ಮೊದಲ ನೇಮಕ ಎಚ್.ಡಿ. ಕೋಟೆ ತಾಲೂಕಿನ ಕಾಡಂಚಿನ ಹಾಡಿಯ ಶಾಲೆಗೆ. ಜೇನುಕುರುಬರ ಮಕ್ಕಳು. ಅವರ ಮನೆಮಾತೇ ಬೇರೆ; ನನ್ನ ಪುಸ್ತಕದ ಕನ್ನಡ ಅವರ ಕಿವಿಗೆ ಹೊಸದು. ಮೊದಲ ವಾರ ಮಕ್ಕಳು ಬಾಯಿಬಿಡಲಿಲ್ಲ. ದಡ್ಡರು ಎಂದು ಬರೆದು ಕೂರಬಹುದಿತ್ತು. ಹಾಡಿಯ ಒಬ್ಬ ಅಜ್ಜಿಯ ಹತ್ತಿರ ಕೂತು ಅವರ ಮಾತು ಕಲಿತೆ. ಗಿಡ, ನೀರು, ಜೇನು, ಹಸಿವು, ಇವಕ್ಕೆ ಅವರು ಏನೆನ್ನುತ್ತಾರೆ ಎಂದು ಕೇಳಿ ಬರೆದುಕೊಂಡೆ. ನಾನು ಅವರ ಮಾತಿನ ಹತ್ತಿರ ಹೋದ ಮೇಲೆ ಅವರು ನನ್ನ ಅಕ್ಷರದ ಹತ್ತಿರ ಬಂದರು. ಅಂದಿನಿಂದ ನನಗೆ ಒಂದು ಮಾತು ಮನಸ್ಸಿನಲ್ಲಿ ನಿಂತಿದೆ: ಅರ್ಥ ಮಾಡಿಸುವ ಹೊಣೆ ಹೇಳುವವರದು, ಕೇಳುವವರದಲ್ಲ. ಸಾವಿರಾರು ಮಕ್ಕಳಿಗೆ ಅಕ್ಷರ ಕಲಿಸಿದ ನಾನು ಅಂದು ಆ ಗೇಟಿನ ಮುಂದೆ ಅಕ್ಷರ ಬಾರದವಳಂತೆ ಕೂತಿದ್ದೆ. ಆ ನೋವು ಬೇರೆ ಯಾವ ತಾಯಿಗೂ ಬೇಡ.

ಸರ್ಕಾರಕ್ಕೆ ಇದು ಗೊತ್ತಿಲ್ಲದ ವಿಚಾರವೇನಲ್ಲ. ನಾಗರಿಕ ವಿಮಾನಯಾನ ಸಚಿವರಾಗಿದ್ದ ಸುರೇಶ್ ಪ್ರಭು 2018ರ ಡಿಸೆಂಬರ್‌ನಲ್ಲಿ, ನಿಲ್ದಾಣಗಳ ಘೋಷಣೆ ಮೊದಲು ಸ್ಥಳೀಯ ಭಾಷೆಯಲ್ಲಿರಬೇಕು ಎಂದು ಸೂಚಿಸಿದ್ದರು. ಧ್ವನಿವರ್ಧಕವನ್ನೇ ಬಳಸದ ‘ಮೌನ ನಿಲ್ದಾಣ’ಗಳಿಗೆ ಅದು ಅನ್ವಯಿಸುವುದಿಲ್ಲ. ಮೌನ ಒಳ್ಳೆಯದೇ. ಆದರೆ ಧ್ವನಿವರ್ಧಕದ ಜಾಗಕ್ಕೆ ಫೋನಿನ ಸಂದೇಶ ಬಂದಿದ್ದರೆ, ಸ್ಥಳೀಯ ಭಾಷೆಯ ಆ ಮಾತೂ ಸಂದೇಶದ ಜೊತೆಗೇ ಬರಬೇಕು. ನಮ್ಮ ಬ್ಯಾಂಕಿನ ಎಟಿಎಂ ಯಾವ ಭಾಷೆ ಬೇಕು ಎಂದು ಮೊದಲು ಕೇಳುತ್ತದೆ. ಟಿಕೆಟ್ ಕೊಡುವಾಗ ಅದೇ ಪ್ರಶ್ನೆ ಕೇಳುವುದು ಕಷ್ಟದ ಕೆಲಸವಲ್ಲ.

ಜನಸಾಮಾನ್ಯರನ್ನು ವಿಮಾನ ಹತ್ತಿಸಿದ ಕೀರ್ತಿ ಕನ್ನಡ ನಾಡಿನದೇ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ, ಅದರ ಗುರುತಾಗಿ ಆರಿಸಿಕೊಂಡಿದ್ದು ಮೈಸೂರಿನ ಆರ್.ಕೆ. ಲಕ್ಷ್ಮಣ್ ಬರೆದ ‘ಶ್ರೀಸಾಮಾನ್ಯ’ನನ್ನು. ಆ ಸಂಸ್ಥೆ ಇನ್ನೊಂದರಲ್ಲಿ ಲೀನವಾಯಿತು, ಆದರೆ ಅದು ತೆರೆದ ಬಾಗಿಲು ಮುಚ್ಚಲಿಲ್ಲ. ಇಂದು ನಮ್ಮ ಕಡೆಯ ತಾಲೂಕುಗಳಿಂದ ಸೈನಿಕರು, ನರ್ಸುಗಳು, ಕಾಶಿಗೆ ಹೋಗುವವರು, ಮಕ್ಕಳನ್ನು ನೋಡಲು ಹೊರಟವರು ವಿಮಾನ ಹತ್ತುತ್ತಿದ್ದಾರೆ. ಮೈಸೂರಿನ ಮಂಡಕಳ್ಳಿ ನಿಲ್ದಾಣ 2010ರಲ್ಲಿ ತೆರೆದರೂ ಅದರ ರನ್‌ವೇ 1,740 ಮೀಟರ್ ಮಾತ್ರ. ದೊಡ್ಡ ವಿಮಾನ ಇಳಿಯಬೇಕಾದರೆ ಉದ್ದ ಹೆಚ್ಚಬೇಕು, ನಂಜನಗೂಡಿನ ಹೆದ್ದಾರಿ ಮತ್ತು ರೈಲು ಹಳಿಯ ತೊಡಕು ಬಿಡಿಸಬೇಕು. ಅದು ಆಗುವವರೆಗೆ ನಾವು ನಡುರಾತ್ರಿ ಎದ್ದು ಬೆಂಗಳೂರಿಗೇ ಹೋಗಬೇಕು. ಆದ್ದರಿಂದಲೇ ನಮಗೆ ಮುಂಚಿತ ಮಾಹಿತಿ ಬೇರೆಯವರಿಗಿಂತ ಹೆಚ್ಚು ಅಗತ್ಯ.

ನನ್ನ ಬೇಡಿಕೆ ದೊಡ್ಡದಲ್ಲ. ಕೊಬ್ಬರಿಯ ಚಿತ್ರವಿದ್ದ ಆ ಹಾಳೆಯ ಹಿಂಬದಿ ಖಾಲಿ ಇತ್ತು. ಅಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಮುದ್ರಿಸಿ: ಎಷ್ಟು ತಡಕ್ಕೆ ಊಟ, ಎಷ್ಟು ತಡಕ್ಕೆ ಹಣ ವಾಪಸು, ಯಾವಾಗ ಹೋಟೆಲು, ಯಾರಿಗೆ ದೂರು. ಕರ್ನಾಟಕದಿಂದ ಹೊರಡುವ ವಿಮಾನದ ಸಂದೇಶ ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಬರಲಿ. ತಡವಾದಾಗ ಸಿಬ್ಬಂದಿಯೊಬ್ಬರು ಗೇಟಿನ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಲಿ. ಊಟದ ಚೀಟಿಯನ್ನು ಕೇಳಿದವರಿಗೆ ಮಾತ್ರವಲ್ಲ, ಕೂತಲ್ಲಿಗೆ ಬಂದು ಕೊಡಲಿ. ಡಿಜಿಸಿಎ ಇದನ್ನು ಸೂಚನೆಯಾಗಿ ಬಿಡದೆ ಕಡ್ಡಾಯ ಮಾಡಲಿ. ನಮ್ಮ ಸಂಸದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಇದನ್ನು ಬಿಡದೆ ಕೇಳಲಿ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ಹಾರಾಟದ ಅವಧಿಗೆ ತಕ್ಕಂತೆ 2 ಅಥವಾ 3 ಗಂಟೆ ತಡಕ್ಕೆ ಊಟ, 6 ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, 24 ಗಂಟೆ (ರಾತ್ರಿ ವಿಮಾನವಾದರೆ 6 ಗಂಟೆ) ಮೀರಿದರೆ ಹೋಟೆಲು, ದೂರಿಗೆ ಕೇಂದ್ರ ಸರ್ಕಾರದ ಏರ್‌ಸೇವಾ. ಇಷ್ಟನ್ನು ಟಿಕೆಟಿನ ಹಿಂದೆ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರು ಜೊತೆಗಿದ್ದರೆ ಒಂದು ಚೂರು ಬೆಲ್ಲ ಇಟ್ಟುಕೊಳ್ಳಿ. ನಿಮಗೆ ಊಟದ ಚೀಟಿ ಸಿಕ್ಕಿದ ಮೇಲೆ ಸುಮ್ಮನೆ ಕೂರಬೇಡಿ. ಪಕ್ಕದಲ್ಲಿ ಹಸಿದು ಕೂತವರಿಗೂ ಆ ಸಾಲುಗಳನ್ನು ಓದಿ ಹೇಳಿ.